ಮೇಲಿನ ಬರ್ತ್‌ಗೆ ಎಂಥ ಕಂಬ?

ಪ್ರಶ್ನೆ: ನಮ್ಮ ಟೆಂಪೊ ಟ್ರಾವೆಲರನ್ನು ಕ್ಯಾಂಪರ್ (ಒಳಗೇ ಮಲಗಿ ಉಳಿಯುವಂಥ ಗಾಡಿ) ಮಾಡಿಸುತ್ತಿದ್ದೇವೆ. ಆರಡಿ ಉದ್ದದ ಮೇಲಿನ ಬರ್ತ್ ಕಿಟಕಿ ಬದಿಯಲ್ಲಿ ಗಾಡಿಯ ಬಾಡಿಗೆ ಬೋಲ್ಟ್ ಆಗಿದೆ. ಓಡಾಡುವ ಬದಿಗೆ ಮೂರಡಿ ಎತ್ತರದ ಎರಡು ಕಂಬ ಬೇಕು, ಹಗಲು ತೆಗೆದಿಡುವಂತಿರಬೇಕು. ಒಂದಿಂಚಿನ ಪೈಪ್ ಸಾಕೇ, ಒಂದೂವರೆ ಇಂಚಿನದೇ ಬೇಕೇ?

ಉತ್ತರ: ಒಂದಿಂಚು ಧಾರಾಳ. ಎಂ.ಎಸ್. (ಮೈಲ್ಡ್ ಸ್ಟೀಲ್, ಸಾಮಾನ್ಯ ಉಕ್ಕು) ಪೈಪ್, 25 ಮಿ.ಮೀ. ಹೊರವ್ಯಾಸ, 16 ಗೇಜ್, ಅಂದರೆ 1.6 ಮಿ.ಮೀ. ದಪ್ಪದ್ದು ಕೇಳಿ. ನೆಟ್ಟಗೆ ನಿಂತ ಮೂರಡಿ ಪೈಪ್ ಒಂದು ಟನ್‌ಗೂ ಬಾಗುವುದಿಲ್ಲ. ಮಲಗಿದವರು, ಪ್ಲೈವುಡ್, ಹಾಸಿಗೆ ಸೇರಿ 100 ಕೆ.ಜಿ. ಆದೀತು. ಹತ್ತಿ ಇಳಿಯುವಾಗಿನ ಜರ್ಕ್ ಸೇರಿಸಿ, ಪೂರ್ತಿ ಭಾರ ಒಂದೇ ಕಂಬಕ್ಕೆ ಬಿತ್ತೆಂದುಕೊಂಡರೂ 200 ಕೆ.ಜಿ. ದಾಟದು. ಪರದೆ ರಾಡಿನ ತೆಳು ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ಪೈಪ್ ಮಾತ್ರ ಬೇಡ. ತೂತು ಕೊರೆದಲ್ಲಿ ಅಥವಾ ಪೆಟ್ಟು ಬಿದ್ದು ನೆಗ್ಗಿದಲ್ಲಿ ಅದು ಮಡಚಿಕೊಳ್ಳುತ್ತದೆ. ಸ್ಪ್ರಿಂಗ್ ಒತ್ತಡದಲ್ಲಿ ನಿಲ್ಲುವ ಕಂಬವೂ ಬೇಡ; ಗಾಡಿಯ ಬಾಡಿ ಅಲುಗಿದಂತೆಲ್ಲ ಸಡಿಲವಾಗುತ್ತದೆ.

ನಿಜವಾಗಿ ಕೈಕೊಡುವುದು ಕಂಬಗಳ ಮೇಲೆ ಅಡ್ಡ ಕೂರುವ ಪಟ್ಟಿ. ಅದೇ ಒಂದಿಂಚಿನ ಪೈಪನ್ನು ಆರಡಿಗೆ ಅಡ್ಡ ಹಾಕಿ, 75 ಕೆ.ಜಿ.ಯವರು ನಡುವೆ ಕೂತರೆ ಬಾಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ. ಇಲ್ಲಿ 50×25 ಮಿ.ಮೀ., 2 ಮಿ.ಮೀ. ದಪ್ಪದ ಆಯತ ಪೈಪ್ ಹಾಕಿಸಿ. 50ರ ಬದಿ ನಿಂತಿರಲಿ: ಆಗ ನಡುವೆ ಜಗ್ಗುವುದು 5 ಮಿ.ಮೀ., ಮಲಗಿಸಿದರೆ 15. ವೆಲ್ಡಿಂಗ್ ಶಾಪ್‌ನಲ್ಲಿ ನೋಡಲು ಚೆಂದವೆಂದು ಮಲಗಿಸಿಬಿಡುತ್ತಾರೆ, ಮೊದಲೇ ಹೇಳಿ. ಕಂಬಗಳನ್ನು ಎರಡೂ ತುದಿಯಿಂದ ಒಂದಡಿ ಒಳಗೆ ತಂದರೆ ಇನ್ನೂ ಒಳ್ಳೆಯದು.

ಕಂಬದ ಬುಡಕ್ಕೆ 100×100×5 ಮಿ.ಮೀ. ಪ್ಲೇಟ್, ಅದರ ಮೇಲೆ 50 ಮಿ.ಮೀ. ಎತ್ತರದ ತೋಳು, ಅಂದರೆ ಪೈಪ್ ಬಿಗಿಯಾಗಿ ಕೂರುವಂಥ ದೊಡ್ಡ ಪೈಪಿನ ತುಂಡು. ಪ್ಲೇಟಿಗೆ ನಾಲ್ಕು ಎಂ8 (8 ಮಿ.ಮೀ. ವ್ಯಾಸದ) ಬೋಲ್ಟ್ ನೆಲದಾಚೆಗೂ ಹಾಯಿಸಿ, ಕೆಳಗೆ 3 ಮಿ.ಮೀ. ತಗಡು, ನೈಲಾಕ್ ನಟ್ (ಒಳಗೆ ನೈಲಾನ್ ಬಳೆಯಿದ್ದು ಅಲುಗಾಟಕ್ಕೆ ಸಡಿಲವಾಗದ ನಟ್). ಬರೀ ಸ್ಕ್ರೂ ಹಾಕಿದರೆ ಪ್ಲೈವುಡ್‌ನಿಂದ ಕಿತ್ತುಬರುತ್ತದೆ. ಕಂಬದ ತಲೆಗೂ ಅಂಥದೇ ತೋಳು. ಎರಡೂ ಕಡೆ ಅಡ್ಡಲಾಗಿ 6 ಮಿ.ಮೀ. ಪಿನ್ ಇರಲೇಬೇಕು, ಏಕೆಂದರೆ ಹಂಪ್‌ನಲ್ಲಿ ಬರ್ತ್ ಮೇಲಕ್ಕೆ ಹಾರಿದಾಗ ಪಿನ್ ಇಲ್ಲದ ಕಂಬ ಜಾರಿ ಬೀಳುತ್ತದೆ. ಡ್ರಿಲ್ ಹಿಡಿಯುವ ಮುನ್ನ ಗಾಡಿಯ ಅಡಿಗೆ ನುಗ್ಗಿ ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್, ವೈರಿಂಗ್ ಎಲ್ಲಿವೆ ಎಂದು ಗುರುತು ಹಾಕಿಕೊಳ್ಳಿ.