ಮೈ ಜುಮ್ಮೆನ್ನಿಸುವ ಟ್ರೈಲರ್ ಹೇಗೆ ಹುಟ್ಟುತ್ತದೆ?

ಕೆಲವು ಟ್ರೈಲರ್ ನೋಡಿದರೆ ಮೈ ಜುಮ್ಮೆನ್ನುತ್ತದೆ, ಎದ್ದು ಏನಾದರೂ ಮಾಡಬೇಕು ಅನ್ನಿಸುತ್ತದೆ, ಆ ಶಕ್ತಿ ಎಲ್ಲಿಂದ ಬರುತ್ತದೆ ಅಂತ ಕೇಳಿದ್ದೀರಿ. ನೀವೂ ಒಂದು ಕಿರುಚಿತ್ರ ಮಾಡುತ್ತಿದ್ದೀರಿ ಅಂದದ್ದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಕಲಬುರಗಿಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವವನು. ಗೆಳೆಯರ ಸಿನಿಮಾಕ್ಕೆ ಕಟ್ ಮಾಡಿಕೊಟ್ಟ ಒಂದು ಟ್ರೈಲರ್ ನನಗೆ ಪಾಠ ಕಲಿಸಿತು.

ಚಿತ್ತಾಪುರ ಕಡೆಯ ಒಂದು ಹಳ್ಳಿಯಲ್ಲಿ ಶೂಟ್ ಮಾಡಿದ 22 ನಿಮಿಷದ ಸಿನಿಮಾ ಅದು. ತೊಗರಿಗೆ ನೆಟೆ ರೋಗ, ಅಂದರೆ ನಿಂತ ಗಿಡವೇ ಒಣಗಿಹೋಗುವ ರೋಗ, ಬಿದ್ದಿದೆ. ಮನೆಯಲ್ಲಿ ಉಳಿದದ್ದು ಮುಂದಿನ ಬಿತ್ತನೆಗೆ ಎತ್ತಿಟ್ಟ ಒಂದು ಚೀಲ ಬೀಜ. ಮಗಳ ಕಾಲೇಜು ಫೀಸಿಗೆ ಅದನ್ನು ಮಾರಬೇಕೋ ಬಿತ್ತಬೇಕೋ, ಇಷ್ಟೇ ಕಥೆ. ಮೊದಲ ಸಲ ನಾನು ಫುಟೇಜಿನಲ್ಲಿದ್ದ ಒಳ್ಳೊಳ್ಳೆ ಶಾಟ್‌ಗಳನ್ನೆಲ್ಲ ಸುರಿದೆ. ಡ್ರೋನ್ ಶಾಟ್, ಎದೆ ಗುದ್ದುವ ಬಿಜಿಎಂ (ಹಿನ್ನೆಲೆ ಸಂಗೀತ), ರೈತನ ಬಗ್ಗೆ ಉದ್ದನೆಯ ಡೈಲಾಗ್, ಕೊನೆಗೆ ಮಗಳ ನಗು. 2 ನಿಮಿಷ 50 ಸೆಕೆಂಡ್. ಗೆಳೆಯನ ತಾಯಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆವು. ಹೊಲದಾಗ ದುಡಿದು ಬಂದ ಜೀವ ಅದು. ನೋಡಿ ಹೇಳಿದರು, "ಛಲೋ ಅದ ಯಪ್ಪಾ. ಸಿನಿಮಾ ನೋಡ್ದಂಗೇ ಆತು."

ಆ ಮಾತು ನನಗೆ ನಾಟಿತು. ಸಿನಿಮಾ ನೋಡಿದಂತೆಯೇ ಆದರೆ ಮತ್ತೆ ಸಿನಿಮಾ ಯಾಕೆ ನೋಡಬೇಕು?

ಅವತ್ತು ನೆನಪಾದದ್ದು ಶರಣಬಸವೇಶ್ವರ ಜಾತ್ರೆ. ನಾನು ಸಣ್ಣವನಿದ್ದಾಗ ನಾಟಕ ಕಂಪನಿಯವರು ಆಟೋಕ್ಕೆ ಮೈಕು ಕಟ್ಟಿ ಓಣಿ ಓಣಿ ತಿರುಗುತ್ತಿದ್ದರು. "ಸೊಸಿ ನಡುರಾತ್ರ್ಯಾಗ ಬಾಗಲದಾಗ ನಿಂತಾಳ, ಅತ್ತಿ ಕದ ತೆಗಿತಾಳೋ ಇಲ್ಲೋ? ಇವತ್ತ ರಾತ್ರಿ ಬಂದು ನೋಡ್ರಿ!" ಅಷ್ಟು ಹೇಳಿ ಆಟೋ ಮುಂದೆ ಹೋಗುತ್ತಿತ್ತು. ಇಡೀ ಓಣಿಯ ಹೆಂಗಸರು ಆ ಕದದ ಬಗ್ಗೆಯೇ ಮಾತಾಡುತ್ತಿದ್ದರು. ನನ್ನ ಲೆಕ್ಕದಲ್ಲಿ ಅದು ಹತ್ತು ಸೆಕೆಂಡಿನ ಟ್ರೈಲರ್.

ಎರಡನೇ ಸಲ ಕೂತಾಗ ಡ್ರೋನ್ ಶಾಟ್ ಎಲ್ಲ ಕಿತ್ತು ಹಾಕಿದೆ. ಶುರುವಿನಲ್ಲಿ ಪರದೆ ಪೂರ್ತಿ ಕಪ್ಪು, ಒಣಗಿದ ತೊಗರಿಕಾಯಿಯ ಸಪ್ಪಳ ಮಾತ್ರ, ಗಿಲಕಿ ಅಲ್ಲಾಡಿಸಿದಂತೆ. ಆಮೇಲೆ ಒಂದು ಕೈ ಗಿಡ ಕಿತ್ತು ಕಾಂಡ ಸೀಳುತ್ತದೆ. ಒಳಗೆ ಕಪ್ಪು ಗೆರೆ. ನೆಟೆ ಅಂದರೇನು ಅಂತ ಇಲ್ಲಿನವರಿಗೆ ಬೇರೆ ಹೇಳಬೇಕಿಲ್ಲ; ಗೊತ್ತಿಲ್ಲದವರಿಗೂ ಆ ಗೆರೆ ನೋಡಿದರೆ ಸಾಕು. ಕೊನೆಗೆ ಬೀಜದ ಚೀಲ, ಅದರ ಬಾಯಿಗೆ ಕಟ್ಟಿದ ಹಗ್ಗದ ಗಂಟು, ಗಂಟಿನ ಮೇಲೆ ಅಪ್ಪನ ಬೆರಳು. ಬಾಗಿಲಿಗೆ ಒರಗಿ ನಿಂತ ಮಗಳು. ಗಂಟು ಅರ್ಧ ಸಡಿಲಾಗುತ್ತಿದ್ದಂತೆ ಕಟ್ ಮಾಡಿ ಕಪ್ಪು ಪರದೆಗೆ ಹೋದೆ. ಮೂರು ಸೆಕೆಂಡ್ ಏನೂ ಸಪ್ಪಳವಿಲ್ಲ. ಮತ್ತೆ ಅದೇ ಗಿಲಕಿ ಸಪ್ಪಳ, ಟೈಟಲ್. ಒಟ್ಟು 1 ನಿಮಿಷ 35 ಸೆಕೆಂಡ್.

ಅದೇ ತಾಯಿಗೆ ತೋರಿಸಿದೆವು. ಟೈಟಲ್ ಬಂದು ಹೋದರೂ ಪರದೆಯನ್ನೇ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ ಕೇಳಿದರು, "ಬಿಚ್ಚಿದ್ನೇನು?"

ಮೈ ಜುಮ್ಮೆನ್ನುವುದು ಸದ್ದಿನಿಂದ ಅಲ್ಲ, ಸದ್ದು ನಿಂತಾಗ. ಸಂಗೀತ ಏರುತ್ತ ಏರುತ್ತ ಬಂದು ತಟ್ಟನೆ ನಿಂತರೆ ನೋಡುವವರು ಉಸಿರು ಹಿಡಿಯುತ್ತಾರೆ. ಆ ಖಾಲಿ ಜಾಗದಲ್ಲಿ ಏನು ಇಡುತ್ತೀರಿ ಅನ್ನುವುದೇ ಎಡಿಟರ್ ಕೆಲಸ. ಕೆಜಿಎಫ್ ಎರಡನೇ ಭಾಗದ ಟೀಸರ್ 2021ರ ಜನವರಿಯಲ್ಲಿ ಬಂದಾಗ ಅಷ್ಟೆಲ್ಲ ಗುಂಡಿನ ಮಳೆಯ ನಂತರ ಜನರ ಬಾಯಲ್ಲಿ ಉಳಿದದ್ದು ಒಂದು ಸಣ್ಣ ಕೆಲಸ, ಕಾದು ಕೆಂಪಾದ ಬಂದೂಕಿನ ನಳಿಗೆಯಲ್ಲಿ ನಾಯಕ ಸಿಗರೇಟು ಹೊತ್ತಿಸಿಕೊಂಡದ್ದು. ಹಾಲಿವುಡ್ ನಿರ್ದೇಶಕ ಹಿಚ್‌ಕಾಕ್ 1960ರಲ್ಲಿ ತಮ್ಮ ಸೈಕೋ ಸಿನಿಮಾದ ಟ್ರೈಲರ್ ಮಾಡಿದಾಗ ಆರು ನಿಮಿಷಕ್ಕೂ ಹೆಚ್ಚು ಹೊತ್ತು ತಾವೇ ಸೆಟ್ಟಿನಲ್ಲಿ ಓಡಾಡುತ್ತ, ಇಲ್ಲಿ ಹೀಗಾಯಿತು, ಅಲ್ಲಿ ಹಾಗಾಯಿತು ಅಂತ ಅರ್ಧರ್ಧ ಹೇಳುತ್ತ ಹೋಗುತ್ತಾರೆ. ಬಚ್ಚಲುಮನೆಯ ಪರದೆ ಸರಿಸಿದಾಗ ಕಿರುಚುವ ಹೆಂಗಸು ಕೂಡ ಸಿನಿಮಾದಲ್ಲಿ ಅಲ್ಲಿ ಕೊಲೆಯಾಗುವ ನಟಿ ಅಲ್ಲ, ಬೇರೆಯವರು. ಏನು ಮುಚ್ಚಿಡಬೇಕು ಅನ್ನುವುದು ಅವರಿಗೆ ಅಷ್ಟು ಗೊತ್ತಿತ್ತು.

ಇನ್ನು ಸ್ಫೂರ್ತಿ. ಗೆದ್ದವರನ್ನು ತೋರಿಸಿದರೆ ಸ್ಫೂರ್ತಿ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಗೆಲುವು ನೋಡಿದರೆ ಚಪ್ಪಾಳೆ ಬರುತ್ತದೆ, ಅಷ್ಟೆ. ಏನು ಕಳೆದುಕೊಳ್ಳಬೇಕಾಗುತ್ತದೆ ಅಂತ ಗೊತ್ತಿದ್ದೂ ಒಬ್ಬ ಮನುಷ್ಯ ಕೈ ಮುಂದೆ ಚಾಚುತ್ತಾನಲ್ಲ, ಆ ಗಳಿಗೆ ನೋಡಿದಾಗ ನಮ್ಮ ಕೈಯೂ ಅವನ ಜೊತೆ ಹೋಗುತ್ತದೆ. ಅವನು ಗೆದ್ದನೋ ಸೋತನೋ ತೋರಿಸಿಬಿಟ್ಟರೆ ನಮ್ಮ ಕೈ ವಾಪಸ್ ಬಂದುಬಿಡುತ್ತದೆ. ಆ ಅಪ್ಪನ ಬೆರಳು ನಡುಗುತ್ತಿತ್ತು, ಆದರೂ ಗಂಟಿನಿಂದ ಕೈ ತೆಗೆಯಲಿಲ್ಲ. ಮೊದಲ ಕಟ್‌ನಲ್ಲಿ ಆ ಶಾಟ್ ಅನ್ನು ಫೋಕಸ್ ಸ್ವಲ್ಪ ಮೆತ್ತಗಿದೆ ಅಂತ ನಾನೇ ತೆಗೆದು ಹಾಕಿದ್ದೆ! ಚಂದದ ಶಾಟ್ ಬೇರೆ, ಬೇಕಾದ ಶಾಟ್ ಬೇರೆ.

ನಿಮ್ಮ ರಫ್ ಕಟ್, ಅಂದರೆ ಶಾಟ್‌ಗಳ ಮೊದಲ ಕಚ್ಚಾ ಜೋಡಣೆ, ಆದ ಮೇಲೆ ಒಮ್ಮೆ ಸೌಂಡ್ ಬಂದ್ ಮಾಡಿ ನೋಡಿ, ಒಮ್ಮೆ ಕಣ್ಣು ಮುಚ್ಚಿ ಕೇಳಿ. ಬಿಜಿಎಂ ತೆಗೆದರೆ ಟ್ರೈಲರ್ ಕುಸಿಯುತ್ತದೆ ಅಂದರೆ ಶಾಟ್‌ಗಳ ಆಯ್ಕೆ ಸರಿ ಇಲ್ಲ. ಆಮೇಲೆ ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಯೂನಿಟ್ಟಿನವರಿಗೆ ಬೇಡ. "ಹೆಂಗದ?" ಅಂತ ಕೇಳಬೇಡಿ, ಸುಮ್ಮನೆ ಕೂಡಿ. ಅವರಾಗಿಯೇ ನಿಮ್ಮನ್ನು ಏನು ಕೇಳುತ್ತಾರೆ ನೋಡಿ. ಏನೂ ಕೇಳದೆ ಛಲೋ ಅದ ಅಂದು ಎದ್ದು ಹೋದರೆ ಆ ರಾತ್ರಿಯೇ ಮತ್ತೆ ಎಡಿಟಿಂಗ್ ಟೈಮ್‌ಲೈನ್ ತೆರೆಯಿರಿ.