ಟಿವಿಲಿ ಇಷ್ಟೊಂದು ನ್ಯೂಸ್ ಚಾನೆಲ್ ಇರೋವಾಗ ಖಾಸಗಿ ಎಫ್‌ಎಂಗಳಲ್ಲಿ ನ್ಯೂಸ್ ಯಾಕೆ ಬರಲ್ಲ?

ಸ್ಟೇಷನ್‌ನವರಿಗೆ ಮನಸ್ಸಿಲ್ಲ ಅಂತಲ್ಲ, ಲೈಸೆನ್ಸ್ ಷರತ್ತಲ್ಲೇ ಸ್ವಂತ ನ್ಯೂಸ್ ಮಾಡಂಗಿಲ್ಲ ಅಂತ ಇದೆ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ರೇಡಿಯೋ ಸಿಟಿ ನಮ್ಮ ಬೆಂಗಳೂರಲ್ಲೇ ಶುರುವಾಯ್ತಲ್ಲ, ಆವಾಗಿಂದ್ಲೂ ಇದೇ ಕಥೆ. 2011ರ ಪಾಲಿಸಿಲಿ ಸ್ವಲ್ಪ ಸಡಿಲ ಮಾಡಿದ್ರು, ಆಕಾಶವಾಣಿ ಬುಲೆಟಿನ್ ಬೇಕಾದ್ರೆ ಹಾಕ್ಕೊಳ್ಳಿ ಆದ್ರೆ ಒಂದಕ್ಷರ ಬದಲಾಯಿಸಂಗಿಲ್ಲ ಅಂತ. ಟ್ರಾಫಿಕ್ಕು, ಹವಾಮಾನ, ಎಕ್ಸಾಮ್ ರಿಸಲ್ಟು ಇವೆಲ್ಲ ನ್ಯೂಸ್ ಲೆಕ್ಕಕ್ಕೆ ಬರಲ್ಲ, ಹೇಳ್ಬಹುದು. ಕರೆಂಟು, ನೀರು, ಪ್ರವಾಹದ ವಿಷಯ ಆದ್ರೆ ಸ್ಥಳೀಯ ಆಡಳಿತದವರು ಕೊಟ್ಟಿದ್ದನ್ನ ಮಾತ್ರ.

ನಾನು ಕೆಲವು ವರ್ಷ ಒಂದು ಎಫ್‌ಎಂನಲ್ಲಿ ಬೆಳಗಿನ ಶೋಗೆ ಸ್ಕ್ರಿಪ್ಟ್ ಬರೀತಿದ್ದೆ, ಒಳಗೆ ಇದು ಹೇಗಿರುತ್ತೆ ಹೇಳ್ತೀನಿ ಕೇಳಿ. ಫ್ರೀಡಂ ಪಾರ್ಕಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಧರಣಿ ನಡೀತಿದೆ ಅನ್ಕೊಳ್ಳಿ. ಆರ್‌ಜೆ "ಶೇಷಾದ್ರಿ ರೋಡ್ ಕಡೆ ಹೋಗ್ಬೇಡಿ, ಫುಲ್ ಜಾಮ್" ಅನ್ಬಹುದು. ಯಾಕೆ ಜಾಮ್, ಬಿಸಿಲಲ್ಲಿ ಕೂತಿರೋ ಆ ಹೆಣ್ಮಕ್ಳು ಏನು ಕೇಳ್ತಿದಾರೆ ಅಂತ ಒಬ್ರ ಮುಂದೆ ಮೈಕ್ ಹಿಡಿದು ಮಾತಾಡಿಸಿ ಅದನ್ನ ಪ್ರಸಾರ ಮಾಡಂಗಿಲ್ಲ. ಸ್ಕ್ರಿಪ್ಟಲ್ಲಿ ಅಂಥ ಸಾಲು ಕಂಡ್ರೆ ಪ್ರೋಗ್ರಾಂ ಹೆಡ್ ಪೆನ್ನಲ್ಲಿ ಹೊಡೆದು ಹಾಕೋರು, ಅವರನ್ನ ಬೈದು ಪ್ರಯೋಜನ ಇಲ್ಲ, ಲೈಸೆನ್ಸ್ ಉಳೀಬೇಕಲ್ಲ.

ಕಾಮನ್ ಕಾಸ್ ಅನ್ನೋ ಸಂಸ್ಥೆ 2013ರಲ್ಲಿ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯ್ತು, ಸರ್ಕಾರ ಅಲ್ಲಿ ಕೊಟ್ಟ ಕಾರಣ ಭದ್ರತೆ. ನಂಗಂತೂ ಇದು ಒಪ್ಪೋ ಮಾತಲ್ಲ. ಟಿವಿಲಿ ಇಡೀ ದಿನ ನ್ಯೂಸ್ ಓಡುತ್ತೆ, ಅಲ್ಲಿಲ್ಲದ ಅಪಾಯ ರೇಡಿಯೋಲಿ ಎಲ್ಲಿಂದ ಬಂತು? ಪ್ರಸಾರದ ತರಂಗಗಳು ಜನರ ಆಸ್ತಿ ಅಂತ ಅದೇ ಕೋರ್ಟ್ 1995ರಲ್ಲೇ ಹೇಳಿದೆ.

2023ರಲ್ಲಿ ಟೆಲಿಕಾಂ, ಪ್ರಸಾರದ ನಿಯಂತ್ರಣ ನೋಡ್ಕೊಳ್ಳೋ ಸಂಸ್ಥೆ ಟ್ರಾಯ್ ಸರ್ಕಾರಕ್ಕೆ ಗಂಟೆಗೆ 10 ನಿಮಿಷ ನ್ಯೂಸಿಗೆ ಅವಕಾಶ ಕೊಡಿ ಅಂತ ಶಿಫಾರಸು ಮಾಡ್ತು. ಅಷ್ಟು ಸಾಕ್ರೀ. ಟಿವಿ ನ್ಯೂಸ್ ರೂಮುಗಳೆಲ್ಲ ಹೆಚ್ಚುಕಮ್ಮಿ ಬೆಂಗಳೂರಲ್ಲೇ ಕೂತಿವೆ, ಕಲಬುರಗಿಲಿರೋ ಎಫ್‌ಎಂಗೆ ಒಬ್ಬನೇ ಒಬ್ಬ ರಿಪೋರ್ಟರ್ ಇದ್ರೂ ಪಾಲಿಕೆ ಮೀಟಿಂಗಲ್ಲಿ ಏನಾಯ್ತು, ಎಪಿಎಂಸಿಲಿ ತೊಗರಿ ರೇಟ್ ಯಾಕೆ ಬಿತ್ತು ಅಂತ ಅದೇ ದಿನ, ಅಲ್ಲಿನವರದ್ದೇ ಮಾತಲ್ಲಿ ಜನಕ್ಕೆ ಗೊತ್ತಾಗುತ್ತೆ, ಆಟೋದವರು ಅಂಗಡಿಯವರು ಕೆಲಸ ನಿಲ್ಲಿಸದೇ ಕೇಳ್ಕೋಬಹುದು.

ಸದ್ಯಕ್ಕೆ ರೇಡಿಯೋಲೇ ನ್ಯೂಸ್ ಬೇಕು ಅಂದ್ರೆ ಬೆಳಿಗ್ಗೆ ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳಿ, ಚಿಕ್ಕದಾಗಿ ಚೊಕ್ಕವಾಗಿರುತ್ತೆ.