ಪಠ್ಯಕ್ಕಾಗಿ ಮತ ಕೇಳುವವರು

ಪ್ರಶ್ನೆ: ಅಮೆರಿಕದ ಟೆಕ್ಸಾಸ್‌ನಲ್ಲಿ ರಾಜ್ಯ ಶಿಕ್ಷಣ ಮಂಡಳಿಗೆ ನಿಲ್ಲುವವರು ಪಠ್ಯಪುಸ್ತಕ ಮತ್ತು ಶಾಲೆಯ ಆಯ್ಕೆಯ (ಪಾಲಕರು ತಮಗೆ ಬೇಕಾದ ಶಾಲೆಯನ್ನು ಆರಿಸಿಕೊಳ್ಳುವುದು) ಬಗ್ಗೆ ಮಾತನಾಡಿ ಮತ ಕೇಳುತ್ತಾರೆಂದು ಅಲ್ಲಿರುವ ನನ್ನ ಮಗಳು ಹೇಳುತ್ತಾಳೆ. ಅವರ ಮಾತಿಗೆ ಎಷ್ಟು ಬೆಲೆ? ನಮ್ಮಲ್ಲಿ ಇಂಥದ್ದು ಇದೆಯೇ?
– ಓದುಗರೊಬ್ಬರು, ಗದಗ

ಉತ್ತರ: ಪಠ್ಯದ ವಿಷಯದಲ್ಲಿ ಸಾಕಷ್ಟು ಬೆಲೆಯಿದೆ. ಆ ಮಂಡಳಿಯ 15 ಸದಸ್ಯರೂ ಪಕ್ಷದ ಹೆಸರಿನಲ್ಲಿಯೇ ಸ್ಪರ್ಧಿಸಿ ಗೆದ್ದು ಬರುವವರಾಗಿದ್ದು, ಯಾವ ತರಗತಿಗೆ ಏನನ್ನು ಕಲಿಸಬೇಕೆಂದು ಗೊತ್ತುಪಡಿಸುವವರೂ ಪುಸ್ತಕಗಳಿಗೆ ಒಪ್ಪಿಗೆ ನೀಡುವವರೂ ಅವರೇ. ಆದರೆ 2011ರ ಕಾನೂನಿನ ನಂತರ ಮಂಡಳಿಯ ಪಟ್ಟಿಯಲ್ಲಿಲ್ಲದ ಪುಸ್ತಕಗಳನ್ನು ಕೊಳ್ಳುವ ಸ್ವಾತಂತ್ರ್ಯ ಸ್ಥಳೀಯ ಶಾಲಾಡಳಿತಗಳಿಗೆ ದೊರೆತಿದೆ. ಶಾಲೆಯ ಆಯ್ಕೆಯ ಮಾತು ಬೇರೆ. ಸರ್ಕಾರದ ಹಣದಲ್ಲಿ ಸ್ವತಂತ್ರ ಸಂಸ್ಥೆಗಳು ನಡೆಸುವ ‘ಚಾರ್ಟರ್’ ಶಾಲೆಗಳು ಹೊಸದಾಗಿ ಆರಂಭವಾಗುವುದನ್ನು ತಡೆಯುವ ಅಧಿಕಾರ ಮಂಡಳಿಗಿದ್ದರೂ, ಖಾಸಗಿ ಶಾಲೆಯ ಶುಲ್ಕಕ್ಕೆ ಸರ್ಕಾರದ ಹಣ ನೀಡುವ ಯೋಜನೆಯನ್ನು 2025ರಲ್ಲಿ ಒಪ್ಪಿದ್ದು ಅಲ್ಲಿನ ಶಾಸನಸಭೆ. ಆದ್ದರಿಂದ ಆ ಯೋಜನೆಯ ಕುರಿತು ಅಭ್ಯರ್ಥಿ ನೀಡುವ ಭರವಸೆಯನ್ನು ಕೇವಲ ಅಭಿಪ್ರಾಯವೆಂದೇ ತಿಳಿಯಬೇಕು.

ನಮ್ಮಲ್ಲಿ ಅಂಥ ಮಂಡಳಿಯಿಲ್ಲ, ಪಠ್ಯ ಸರ್ಕಾರದ ಕೈಯಲ್ಲಿದೆ. 2022ರ ವಿವಾದಿತ ಪರಿಷ್ಕರಣೆಯನ್ನು 2023ರಲ್ಲಿ ಬಂದ ಹೊಸ ಸರ್ಕಾರ ಬದಲಿಸಿದ್ದನ್ನು ನೆನೆದರೆ, ಇಲ್ಲಿಯೂ ಪಠ್ಯ ಚುನಾವಣೆಯಿಂದ ದೂರವೇನಿಲ್ಲ. ಸ್ವಲ್ಪ ಹೋಲುವುದೆಂದರೆ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿದ ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಕ್ಷೇತ್ರ. ಆದರೆ ಅಲ್ಲಿ ಮತ ಶಿಕ್ಷಕರದ್ದು, ಪಾಲಕರಿಗೆ ಪ್ರವೇಶವಿಲ್ಲ (ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಇಲ್ಲವೆಂಬುದು ವಿಚಿತ್ರ). ಇನ್ನು ನಮ್ಮಲ್ಲಿ ಶಾಲೆಯ ಆಯ್ಕೆಗೆ ಬಂದರೆ, ಖಾಸಗಿ ಶಾಲೆಗಳಲ್ಲಿ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಶೇ. 25 ಸೀಟು ನೀಡುವ 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೌಲಭ್ಯವೂ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅನ್ವಯಿಸದೆಂಬ ರಾಜ್ಯದ 2019ರ ನಿಯಮದಿಂದಾಗಿ ಬಹಳ ಕಿರಿದಾಗಿದೆ.